ಹತ್ತೊಂಬತ್ತು ವರ್ಷ ನಿಂತ ಇಂಜಿನ್ ಬಿಡಿಸಿದ್ದು

2023ರ ಬರ ಎಲ್ಲರಿಗೂ ನೆನಪಿದೆ. ನಮ್ಮದು ಅಥಣಿ ತಾಲೂಕಿನ ಪೂರ್ವ ಭಾಗ, ತೆಲಸಂಗದ ಕಡೆಯ ಎರಿ ಹೊಲ. ಪಶ್ಚಿಮಕ್ಕೆ ಕೃಷ್ಣೆ, ಕಬ್ಬು. ನಮ್ಮ ಕಡೆ ಮುಗಿಲು ನೋಡೂದೇ ಕೆಲಸ. ಆ ಹಿಂಗಾರಿಗೆ ನಾಲ್ಕು ಎಕರೆ ಮಾಲದಂಡಿ ಜೋಳ ಬಿತ್ತಿದ್ದೆ. ಸರಿಯಾಗಿ ಹೊಡೆ ಹಾಯುವ ಹೊತ್ತಿಗೆ ಬಾವಿಯ ಕರೆಂಟ್ ಮೋಟಾರು ಸುಟ್ಟಿತು. ಬಾವಿಯಲ್ಲಿ ಏಳೆಂಟು ಅಡಿ ನೀರಿತ್ತು. ಆ ಹೊತ್ತಿಗೆ ಒಂದು ನೀರು ಸಿಕ್ಕರೆ ಜೋಳ ತೆನೆ ಕಟ್ಟುತ್ತದೆ, ಇಲ್ಲದಿದ್ದರೆ ಬರೀ ಕಣಿಕಿ. ಮೋಟಾರು ಸುತ್ತುವ ಅಂಗಡಿಯಲ್ಲಿ ರಾಶಿ ಬಿದ್ದಿತ್ತು, "ಪಾಳಿ ಬಂದಾಗ ನೋಡೂಣ್ರಿ" ಅಂದರು. ಬಾಡಿಗೆ ಇಂಜಿನ್‌ಗಳೆಲ್ಲ ಬೇರೆಯವರ ಬಾವಿಯ ಮೇಲಿದ್ದವು.

ಉಳಿದದ್ದು ನಮ್ಮ ಅಪ್ಪ ತಂದಿದ್ದ ಕಿರ್ಲೋಸ್ಕರ್ ಎ.ವಿ. 1, ಐದು ಅಶ್ವಶಕ್ತಿಯ ಡೀಸೆಲ್ ಇಂಜಿನ್. ಕರೆಂಟ್ ಬಂದ ಮೇಲೆ ಹತ್ತೊಂಬತ್ತು ವರ್ಷ ಪತ್ರಾಸಿನ ಶೆಡ್ಡಿನಲ್ಲಿ ನಿಂತಿತ್ತು. ಪತ್ರಾಸು ಸೋರಿ, ಬಾಯಿ ತೆರೆದ ಸೈಲೆನ್ಸರ್ ಕೊಳವೆಯಿಂದ ಮಳೆನೀರು ಒಳಗೆ ಇಳಿದು, ಗಾಲಿ ಒಂದು ಗೇಣೂ ಅಲುಗುತ್ತಿರಲಿಲ್ಲ. ಗುಜರಿಯವನು ಎರಡು ಸಲ ಕೇಳಿ ಹೋಗಿದ್ದ. ನನಗೆ ಇಂಜಿನ್ ಬಿಚ್ಚಿ ಗೊತ್ತಿಲ್ಲ. ಕುಂಟಿ, ಕೂರಿಗೆ ರಿಪೇರಿ ಬಿಟ್ಟರೆ ಯಂತ್ರದ ವಿದ್ಯೆ ಇಲ್ಲ.

ಮೊದಲ ದಿನವೇ ತಪ್ಪು ಮಾಡಿದೆ. ಹೆಡ್ಡಿನ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ನಾಲ್ಕು ಅಡಿ ಪೈಪು ಸಿಗಿಸಿ ಜಗ್ಗಿದೆ. 'ಟಕ್' ಅಂತ ಸಪ್ಪಳ. ನಟ್ಟು ಬಿಡಲಿಲ್ಲ, ಸ್ಟಡ್ಡೇ ಮುರಿಯಿತು. ಗಾಲಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯೋಣ ಅಂತಲೂ ಯೋಚಿಸಿದ್ದೆ. ಹಾಗೆ ಮಾಡಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತಿತ್ತು.

ಮರುದಿನ ನಿಪ್ಪಾಣಿಯಿಂದ ನಮ್ಮ ಅಕ್ಕನ ಮಗ ಬಂದ. ಅವನು ಹಳೇ ಜೀಪು, ಹಳೇ ಕಾರು ತಂದು ತಿದ್ದಿ ನಿಲ್ಲಿಸುವ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಮುರಿದ ಸ್ಟಡ್ ನೋಡಿ, "ಮಾಮಾ, ಜಂಗಿನ ಜೋಡಿ ಕುಸ್ತಿ ಹಿಡೀಬಾರ್ದು" ಅಂದ. ಅವನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟಿನ ಒಳಗೆ ಅಷ್ಟು ಜಾಗ ಇರೂದಿಲ್ಲ, ಅದಕ್ಕೆ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಆ ಸಂದಿಯಲ್ಲಿ ದಪ್ಪ ಎಣ್ಣೆ ಹೋಗೂದಿಲ್ಲ, ತೆಳು ಎಣ್ಣೆ ಬೇಕು. ಅವನು ಮಾಡಿದ್ದು ಅರ್ಧ ಏಸಿಟೋನ್, ಅರ್ಧ ಪವರ್ ಸ್ಟೀರಿಂಗಿಗೆ ಹಾಕುವ ತೆಳು ಎಣ್ಣೆ. ಎರಡೂ ಬೇರೆಯಾಗುತ್ತವೆ, ಪ್ರತಿ ಸಲ ಅಲುಗಿಸಿ ಹಾಕಬೇಕು. ಬೆಂಕಿ ಹತ್ತಿರ ಬರಬಾರದು, ಬೀಡಿಯೂ ನಡೆಯೂದಿಲ್ಲ. ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಕೂಡಿಸಿದರೂ ಕೆಲಸ ಆಗುತ್ತದೆ, ದಿನ ಹೆಚ್ಚು ಬೇಕು ಅಷ್ಟೆ. ಮೊದಲು ತಂತಿ ಬ್ರಷ್ಷಿನಿಂದ ಹೊರಗಿನ ಥ್ರೆಡ್ಡು ತಿಕ್ಕಿ ಎಣ್ಣೆ ಬಿಡಬೇಕು. ಮುಂಜಾನೆ, ಸಂಜೆ ನಟ್ಟಿನ ನೆತ್ತಿಗೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ಬಡಿಯಬೇಕು. ಆ ಅದುರಿಗೆ ಎಣ್ಣೆ ಒಳಗೆ ಇಳಿಯುತ್ತದೆ. ಬಿಚ್ಚುವಾಗ ಬಾಯಿ ತೆರೆದ ಪಾನಾ ಬೇಡ, ರಿಂಗ್ ಪಾನಾ ಬೇಕು. ಇಲ್ಲದಿದ್ದರೆ ನಟ್ಟಿನ ಮೂಲೆ ಸವೆಯುತ್ತವೆ. ಮೊದಲು ತುಸು ಬಿಗಿಯುವ ಕಡೆಗೆ ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಅಲುಗಿತು ಅಂತ ಒಮ್ಮೆಲೇ ತಿರುವಬೇಡ್ರಿ. ಕಾಲು ಸುತ್ತು ಮುಂದೆ, ಅರ್ಧಕಾಲು ಹಿಂದೆ, ನಡುವೆ ಎಣ್ಣೆ.

ಸೈಲೆನ್ಸರ್ ಕಡೆಯ ಎರಡು ನಟ್ಟು ಇದಕ್ಕೂ ಬಗ್ಗಲಿಲ್ಲ. ಡೀಸೆಲ್ ಟ್ಯಾಂಕು ಬಿಚ್ಚಿ ದೂರ ಇಟ್ಟು, ಎಣ್ಣೆಯನ್ನೆಲ್ಲ ಒರೆಸಿ, ಗ್ಯಾಸ್ ಬತ್ತಿಯಿಂದ ನಟ್ಟಿಗಷ್ಟೇ ಕಾವು ಕೊಟ್ಟ. ನಟ್ಟು ಹಿಗ್ಗುತ್ತದೆ, ಒಳಗಿನ ಸ್ಟಡ್ಡು ಅಷ್ಟು ಹಿಗ್ಗೂದಿಲ್ಲ. ಬತ್ತಿ ತೆಗೆದು ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದ, ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯಿತು. ಬೀಡು ಕಬ್ಬಿಣಕ್ಕೆ ಒಮ್ಮೆಲೇ ಬೆಂಕಿ ಕೊಡಬಾರದು, ಬಿಸಿ ಇದ್ದಾಗ ನೀರಂತೂ ಸುರೀಲೇಬಾರದು, ಸೀಳುತ್ತದೆ.

ಹೆಡ್ಡು ಎತ್ತಿದ ಮೇಲೆ ಮುರಿದ ಸ್ಟಡ್ಡಿನ ಮೊಂಡು ಬ್ಲಾಕಿನಲ್ಲಿ ಉಳಿಯಿತು. ಇಂಜಿನ್ನನ್ನೇ ಟ್ರೇಲರಿನಲ್ಲಿ ಅಥಣಿಗೆ ಒಯ್ದೆವು. ವೆಲ್ಡಿಂಗ್‌ನವರು ಮೊಂಡಿನ ಮೇಲೆ ಹೊಸ ನಟ್ಟು ಇಟ್ಟು ಒಳಗಿನಿಂದ ಬೆಸೆದರು. ತಣ್ಣಗಾದ ಮೇಲೆ ತಿರುವಿದರೆ ಸಲೀಸಾಗಿ ಬಂತು. ಕೆಲಸ ಹತ್ತು ನಿಮಿಷದ್ದು. ಹೋಗಿ ಬರುವುದರಲ್ಲಿ ನನ್ನ ಎರಡು ದಿನ ಹೋದವು, ಹೊಲದಲ್ಲಿ ಜೋಳದ ಎಲೆ ಸುರುಳಿ ಸುತ್ತತೊಡಗಿದ್ದವು.

ಪಿಸ್ಟನ್ ಲೈನರಿನ ನಡುವೆ ಸಿಕ್ಕಿತ್ತು. ಅದರ ಮೇಲೆ ಅದೇ ಎಣ್ಣೆ ತುಂಬಿ ಏಳು ದಿನ ಬಿಟ್ಟೆವು. ಮನೆಯವಳು ದಿನಾ ಹೊಲದಿಂದ ಬಂದು "ಇನ್ನೂ ಇಲ್ಲೇನ್ರಿ?" ಅನ್ನುತ್ತಿದ್ದಳು. ಪಕ್ಕದ ಬಾಗಿಲು ತೆರೆದು ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ ಕ್ರ್ಯಾಂಕನ್ನು ಕೆಳಗೆ ತಿರುಗಿಸಿದೆವು. ಹಾಗೆ ಮಾಡಿದರೆ ಏಟು ಕ್ರ್ಯಾಂಕಿಗೆ ತಾಗೂದಿಲ್ಲ. ಎ.ವಿ. 1ರ ಬೋರು 80 ಮಿ.ಮೀ.; ಅದಕ್ಕಿಂತ ತುಸು ಸಣ್ಣದಾಗಿ ಜಾಲಿ ಕಟ್ಟಿಗೆಯ ಗುಂಡು ಕೆತ್ತಿ, ಪಿಸ್ಟನ್ ಮೇಲಿಟ್ಟು ಹಗುರಾಗಿ ಬಡಿದೆವು. ಪಿಸ್ಟನ್ ಅಲ್ಯೂಮಿನಿಯಂ, ಕಬ್ಬಿಣದಿಂದ ನೇರ ಹೊಡೆದರೆ ಒಡೆಯುತ್ತದೆ. ಹನ್ನೊಂದನೆಯ ದಿನ ಒಂದು ನೂಲು ಕೆಳಗೆ ಸರಿಯಿತು. ಆಮೇಲೆ ಲೈನರಿನ ಮೇಲ್ಭಾಗದ ತುಕ್ಕು ಎಮರಿ ಕಾಗದದಿಂದ ತಿಕ್ಕಿ, ಕೆಳಗಿನಿಂದ ದೂಡಿ ಹೊರಗೆ ತೆಗೆದೆವು. ರಿಂಗುಗಳು ಹೋಗಿದ್ದವು, ಹೊಸವು ಹಾಕಿದೆವು. ಲೈನರಿನಲ್ಲಿ ಉಗುರಿಗೆ ಸಿಕ್ಕುವಂಥ ಗೀರು ಇದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ನನ್ನ ಪುಣ್ಯ, ಇರಲಿಲ್ಲ.

ಸಣ್ಣ ಕಬ್ಬಿಣದ ಸಾಮಾನುಗಳಿಗೆ ಅವನು ಹೇಳಿದ ಮದ್ದು ನಮ್ಮ ಸೀಮೆಯದೇ, ಕಾಕಂಬಿ! ಚಿಕ್ಕೋಡಿ, ರಾಯಬಾಗ, ಕಾಗವಾಡದ ಸಕ್ಕರೆ ಕಾರ್ಖಾನೆಗಳಲ್ಲಿ ಹೊಳೆಯಾಗಿ ಹರಿಯುವ ವಸ್ತು, ಆದರೆ ಅಬಕಾರಿ ಲೆಕ್ಕದ್ದು, ಸುಮ್ಮನೆ ಕೊಡೂದಿಲ್ಲ. ದನದ ಮೇವಿಗೆ ಅಂತ ಮಾರುವುದನ್ನು ಒಂದು ಡಬ್ಬಿ ತಂದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಕೂಡಿಸಿ ಪ್ಲಾಸ್ಟಿಕ್ ಬಕೀಟಿನಲ್ಲಿ ಮುಳುಗಿಸಿಟ್ಟೆ. ಹದಿನೈದು ದಿನ ಬೇಕು ಅಂದಿದ್ದ, ನಾನು ಹತ್ತಕ್ಕೇ ತೆಗೆದೆ. ನಾಯಿ ಸಹ ಹತ್ತಿರ ಬಾರದ ವಾಸನೆ, ಆದರೆ ನೀರಿನಲ್ಲಿ ತೊಳೆದರೆ ತುಕ್ಕು ಕೆಸರಿನಂತೆ ಹೋಯಿತು. ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಅಲ್ಯೂಮಿನಿಯಂ, ಸತುವಿನ ಲೇಪದ ಸಾಮಾನು ಮಾತ್ರ ಹಾಕಬೇಡ್ರಿ, ತಿಂದು ಬಿಡುತ್ತದೆ.

ಚಾಲೂ ಮಾಡುವ ಮುಂಚೆ ಒಂದು ಎಚ್ಚರ. ಪಿಸ್ಟನ್ ಮೇಲೆ ಸುರಿದ ಎಣ್ಣೆ ಒಂದಿಷ್ಟು ಉಳಿದರೂ ಅಪಾಯ. ಎಣ್ಣೆ ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ, ರಾಡು ಬಾಗುತ್ತದೆ. ಇಲ್ಲವೆ ಅದೇ ಎಣ್ಣೆ ಕುಡಿದು ಇಂಜಿನ್ ತಡೆಯಿಲ್ಲದೆ ಓಡುತ್ತದೆ. ಪೂರಾ ಒರೆಸಿ, ಹಳೇ ಆಯಿಲ್ ಇಳಿಸಿ ಹೊಸದು ಹಾಕಿ, ಡಿಕಂಪ್ರೆಷನ್ ಹಿಡಿ ಎತ್ತಿ ಕೈಯಿಂದ ಮೂವತ್ತು ನಲವತ್ತು ಸುತ್ತು ತಿರುವಿದೆವು.

ಹದಿಮೂರನೆಯ ದಿನ ಸಂಜೆ ಐದನೆಯ ಹ್ಯಾಂಡಲ್‌ಗೆ ಬಿಳಿ ಹೊಗೆ ಉಗುಳಿ ಹೊತ್ತಿತು. ರಾತ್ರಿಯೆಲ್ಲ ನೀರು ಬಿಟ್ಟೆವು. ಬಾವಿ ಹತ್ತಿರದ ಎರಡು ಎಕರೆ ತೆನೆ ಕಟ್ಟಿತು. ಮೇಲಿನ ಎರಡು ಎಕರೆ ತೆಳು ಮಣ್ಣು, ಅಷ್ಟರಲ್ಲಿ ಹೊಡೆ ಒಳಗೇ ಬತ್ತಿತ್ತು. ಕೊಯ್ದು ದನಕ್ಕೆ ಹಾಕಿದೆ. ಸ್ಟಡ್ ಮುರಿದು ಕಳೆದ ಆ ಎರಡು ದಿನ ಅಲ್ಲಿಯೇ ಕಾಣುತ್ತದೆ.

ಕಿರ್ಲೋಸ್ಕರವಾಡಿ ನಮಗೆ ದೂರವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಅದನ್ನು ಕಟ್ಟಿದರು. ಅವರ ಕಬ್ಬಿಣದ ನೇಗಿಲು ಬಂದಾಗ, ಕಬ್ಬಿಣ ನೆಲಕ್ಕೆ ವಿಷ ಅಂತ ರೈತರು ಹೆದರಿದ್ದರಂತೆ. ಆ ಹೆದರಿಕೆ ಹೋಗಿ ಈಗ ಕಬ್ಬಿಣವನ್ನೇ ಮರೆತು ಶೆಡ್ಡಿನಲ್ಲಿ ಕೊಳೆ ಹಾಕುತ್ತೇವೆ, ನಾನೂ ಹಾಕಿದ್ದೆ.

ಈಗ ಮೋಟಾರು ಬಂದಿದೆ. ಆದರೂ ಪ್ರತಿ ಅಮಾವಾಸ್ಯೆಗೆ ಎತ್ತುಗಳ ಮೈ ತೊಳೆದ ಮೇಲೆ ಇಂಜಿನ್ನಿನ ಗಾಲಿ ಹತ್ತು ಸುತ್ತು ತಿರುವಿ, ಕಾಲು ಗಂಟೆ ಓಡಿಸಿ, ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಹಾಲಿನ ಪುಡಿಯ ಖಾಲಿ ಡಬ್ಬಿ ಮುಚ್ಚಿ ಬರುತ್ತೇನೆ.