ಬಾಯಿಬಿಟ್ಟು ಹೇಳು, ಪುಟ್ಟಿ

ಪುಟ್ಟಿ, ಸ್ಟುಟ್‌ಗಾರ್ಟ್‌ಗೆ ಹೊರಟು ನಿಂತಿದ್ದೀಯ. ಸ್ವೆಟರ್ರು, ಉಪ್ಪಿನಕಾಯಿ, ಸಾರಿನಪುಡಿ ಎಲ್ಲ ನಿಮ್ಮಮ್ಮ ನೋಡಿಕೊಂಡಿದ್ದಾಳೆ. ಈ ಮಾವನ ಪಾಲಿಗೆ ಉಳಿದಿರುವುದು ಮಾತಿನ ವಿಚಾರವೊಂದೇ.

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ‘ಅಯ್ಯೋ ಬೇಡ, ಈಗಷ್ಟೇ ತಿಂದು ಬಂದೆ’ ಅನ್ನುತ್ತೇವೆ. ಅವರು ಬಿಡುವುದಿಲ್ಲ. ಮೂರನೇ ಸಲದ ಬಲವಂತಕ್ಕೆ ತಟ್ಟೆ ಕೈಗೆ ಬಂದಿರುತ್ತದೆ. ಜರ್ಮನಿಯಲ್ಲಿ ಒಮ್ಮೆ ಬೇಡ ಅಂದೆಯೋ, ತಟ್ಟೆ ಪಕ್ಕದವರ ಕಡೆ ಹೊರಟೇ ಹೋಯಿತು. ಜಿಪುಣರು ಅಂದುಕೊಂಡೀಯ! ನಿನ್ನ ಮಾತನ್ನು ನಂಬಿದರು, ಅಷ್ಟೆ. ಹಸಿವಿದ್ದರೆ ಮೊದಲ ಸಲವೇ ಹಾಕಿಸಿಕೋ.

ಆಫೀಸಿನಲ್ಲೂ ಇದೇ ಕಥೆ. ‘ಶುಕ್ರವಾರಕ್ಕೆ ಆಗುತ್ತಾ?’ ಅಂದರೆ ನಾವು ‘ಟ್ರೈ ಮಾಡ್ತೀನಿ ಸಾರ್’ ಅನ್ನುತ್ತೇವೆ. ಕೇಳಿದವರು ಮುಖ ನೋಡಿಯೇ ಸೋಮವಾರ ಅಂತ ಬರೆದುಕೊಳ್ಳುತ್ತಾರೆ. ಅಲ್ಲಿ ಆ ಲೆಕ್ಕಾಚಾರ ನಡೆಯದು. ಆಗದಿದ್ದರೆ ಬುಧವಾರವೇ ಆಗಲ್ಲ ಅಂದುಬಿಡು, ಕಾರಣವನ್ನೂ ಹೇಳು. ತಲೆಯನ್ನು ಆಚೆ ಈಚೆ ಆಡಿಸಿ ಸುಮ್ಮನಾಗಬೇಡ. ಅದು ಹೌದೋ ಇಲ್ಲವೋ ಅಂತ ಪಾಪ ಅವರಿಗೆ ತಿಳಿಯುವುದಿಲ್ಲ. ನಿನ್ನ ವರದಿಯಲ್ಲಿ ತಪ್ಪಿದ್ದರೆ ಎಲ್ಲರೆದುರೇ ತಪ್ಪು ಅಂದಾರು. ಬಾತ್‌ರೂಮಿಗೆ ಹೋಗಿ ಅಳುತ್ತ ಕೂರಬೇಡ. ಹಾಗಂದವರೇ ಮಧ್ಯಾಹ್ನ ಊಟಕ್ಕೆ ಕರೆದರೆ ನಗುನಗುತ್ತ ಹೋಗು.

ಎಡ್ವರ್ಡ್ ಹಾಲ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞ 1976ರಲ್ಲಿ ‘ಬಿಯಾಂಡ್ ಕಲ್ಚರ್’ ಎಂಬ ಪುಸ್ತಕ ಬರೆದ. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವು ಕಡೆ ಯಾರು, ಯಾರೆದುರು, ಯಾವಾಗ ಆಡಿದರು ಎಂಬುದರಲ್ಲಿ ಅಡಗಿರುತ್ತದೆ ಅಂತ ಅವನ ವಾದ. ಜರ್ಮನ್ನರನ್ನು ಮೊದಲನೆಯ ಕಡೆ, ಜಪಾನೀಯರನ್ನು ಎರಡನೆಯ ಕಡೆ ಇಟ್ಟ. ಇಡೀ ದೇಶವನ್ನೇ ಹೀಗೆ ಪಂಕ್ತಿ ಮಾಡಿ ಕೂರಿಸುವುದು ನನಗೇನೋ ಪೂರ್ತಿ ಒಪ್ಪಿಗೆಯಿಲ್ಲ. ಮಾತಿಲ್ಲದ ಮಾತು ಅವರಲ್ಲೂ ಇದೆ. ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮುಗಿದಾಗ ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಹಾಂ, ಹುಟ್ಟುಹಬ್ಬದ ಶುಭಾಶಯವನ್ನು ಹಿಂದಿನ ದಿನವೇ ಹೇಳಿಬಿಟ್ಟೀಯ ಮತ್ತೆ, ಅವರಿಗದು ಅಪಶಕುನ!

ನನಗೆ ಹೆದರಿಕೆಯಿರುವುದು ಬೇರೆಯದಕ್ಕೆ. ವರ್ಷ ತುಂಬುವಷ್ಟರಲ್ಲಿ ನಿನಗೂ ಆಡಿದ ಮಾತನ್ನು ಹಾಗೇ ನಂಬುವುದು ರೂಢಿಯಾಗಿರುತ್ತದೆ. ಆಗ ನಿಮ್ಮಮ್ಮ ಫೋನಿನಲ್ಲಿ, ‘ದೀಪಾವಳಿಗೆ ಬರೋದೇನೂ ಬೇಡಮ್ಮ, ಸುಮ್ನೆ ದುಡ್ಡು ದಂಡ’ ಅನ್ನುತ್ತಾಳೆ. ನನ್ನ ತಂಗಿಯನ್ನು ನಾನು ಬಲ್ಲೆ. ನೀನು ಅವತ್ತೇ ಟಿಕೆಟ್ ಬುಕ್ ಮಾಡು.