ಕತ್ತಿ ಕೊಳ್ಳುವ ಮುನ್ನ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಆಡಲು ಹೊಸದಾಗಿ ಕೂತ ಮಕ್ಕಳೇ, ಕೂಡಿಟ್ಟ ನಾಣ್ಯವನ್ನೆಲ್ಲ ಸುರಿದು ದುಬಾರಿ ಕತ್ತಿ ಕೊಳ್ಳುವ ಆತುರ ಬೇಡ. ರೂನ್ ಸಿಮಿಟರ್ ಎಂಬ ಕತ್ತಿ ಕೈಗೆ ಹತ್ತಬೇಕಾದರೆ ಅಟ್ಯಾಕ್ ಎಂಬ ಕೌಶಲ 40ನೇ ಮಟ್ಟ ಮುಟ್ಟಿರಬೇಕು. ಅಲ್ಲಿಯವರೆಗೆ ಅದು ಚೀಲದಲ್ಲೇ ಬಿದ್ದಿರುತ್ತದೆ.

ಏಟು ತಗಲುವುದು ಅಟ್ಯಾಕ್‌ನಿಂದ, ಏಟಿಗೆ ಬಲ ಬರುವುದು ಸ್ಟ್ರೆಂತ್‌ನಿಂದ, ಎದುರಾಳಿಯ ಏಟು ತಪ್ಪುವುದು ಡಿಫೆನ್ಸ್‌ನಿಂದ. ಒಂದನ್ನೇ ಬೆಳೆಸಿ ಉಳಿದೆರಡನ್ನು ಮರೆಯಬೇಡಿ.

ಲೋಹದ ಕವಚ ತೊಟ್ಟು ಮಾಂತ್ರಿಕನೆದುರು ನಿಲ್ಲಬೇಡಿ. ಅದು ಕತ್ತಿಯನ್ನು ತಡೆದೀತು, ಮಂತ್ರವನ್ನಲ್ಲ. ಅಲ್ಲಿಗೆ ಡ್ರ್ಯಾಗನ್ ಚರ್ಮದ ಕವಚವೇ ಮೇಲು. ಲೋಹ ಹೊತ್ತು ನೀವೇ ಮಂತ್ರ ಪ್ರಯೋಗಿಸಿದರೂ ಗುರಿ ತಪ್ಪುವುದೇ ಹೆಚ್ಚು.

ಬೆಲೆಗಿಂತ ಮೊದಲು ಆಯುಧದ ಅಂಕಿಗಳನ್ನು ಓದಿ, ಎದುರಿಗಿರುವವನು ಯಾರೆಂದು ನೋಡಿ. ಆಮೇಲೆ ನಾಣ್ಯ ಬಿಚ್ಚಿ.