ಸ್ವರದ ಪಕ್ಕದ ಚುಕ್ಕಿ

ಗೆರೆಗಳ ಮೇಲೆ ಬರೆದ ರಾಗವನ್ನು ಕಲಿಯುವವರು ಸ್ವರದ ಏರಿಳಿತವನ್ನು ಬೇಗನೆ ಗ್ರಹಿಸುತ್ತಾರೆ. ಆದರೆ ಕೆಲವು ಸ್ವರಗಳ ಬಲಗಡೆಯಲ್ಲಿರುವ ಸಣ್ಣ ಚುಕ್ಕಿಯನ್ನು ಕಂಡೂ ಕಾಣದವರಂತೆ ದಾಟಿ ಹೋಗುವದುಂಟು. ಹಾಡು ಕೆಡುವದು ಹೆಚ್ಚಾಗಿ ಅಲ್ಲಿಯೇ. ಆದಕಾರಣ ಈ ಸಾರಿ ಆ ಚುಕ್ಕಿಯೊಂದನ್ನೇ ವಿಚಾರಿಸೋಣ.

ನಿಯಮವು ಇಷ್ಟೇ: ಚುಕ್ಕಿಯು ತಾನು ಸೇರಿದ ಸ್ವರದ ಕಾಲಕ್ಕೆ ಅದರ ಅರ್ಧವನ್ನು ಕೂಡಿಸುತ್ತದೆ. ಹೆಮ್ಮಾಡಿಯ ಸೇವಂತಿಗೆಯಿಂದ ನಾಲ್ಕು ಮೊಳದ ಮಾಲೆಯನ್ನು ಕಟ್ಟಿದ್ದೇವೆಂದು ಎಣಿಸಿರಿ. ಚುಕ್ಕಿಯು ಸೇರಿದರೆ ಅದು ಆರು ಮೊಳವಾಗುವದು. ಮಾಲೆಯು ಎರಡೇ ಮೊಳದ್ದಾದರೆ ಅದೇ ಚುಕ್ಕಿಯಿಂದ ಮೂರಾಗುವದು. ಚುಕ್ಕಿಗೆ ಸ್ವಂತವಾದ ಅಳತೆಯಿಲ್ಲ. ಇನ್ನು ನಾಲ್ಕು ಮೊಳಕ್ಕೆ ಎರಡು ಚುಕ್ಕಿಗಳನ್ನು ಇಟ್ಟರೆ ಎಂಟಾಗುವದೆಂದು ಹಲವರು ಹೇಳುವರು. ಹಾಗಲ್ಲ, ಏಳೇ, ಯಾಕಂದರೆ ಎರಡನೆಯ ಚುಕ್ಕಿಯು ಮೊದಲನೆಯದರ ಅರ್ಧವನ್ನು ಮಾತ್ರ ತರುತ್ತದೆ. ಈ ಜೋಡಿ ಚುಕ್ಕಿಯನ್ನು ಬಳಸಬೇಕೆಂದು ಲಿಯೊಪೋಲ್ಡ್ ಮೋಜಾರ್ಟನು 1756ರಲ್ಲಿ ಅಚ್ಚಾದ ತನ್ನ ಪಿಟೀಲು ಪಾಠದ ಪುಸ್ತಕದಲ್ಲಿ ಹೇಳಿದನು. ಅದಕ್ಕೆ ಮುಂಚೆ ಒಂದೇ ಚುಕ್ಕಿಯನ್ನು ನುಡಿಸುವವರು ತಮ್ಮ ರುಚಿಗೆ ತಕ್ಕಂತೆ ಎಳೆಯುತ್ತಿದ್ದರು.

ಕನ್ನಡ ಓದುವವರಿಗೆ ಇದು ತೀರಾ ಹೊಸತಲ್ಲ. ‘ಅ’ ಎಂಬದು ಒಂದು ಮಾತ್ರೆಯ ಲಘು. ಪಕ್ಕದಲ್ಲಿ ಸೊನ್ನೆಯಿಟ್ಟು ‘ಅಂ’ ಎಂದ ಕೂಡಲೆ ಎರಡು ಮಾತ್ರೆಯ ಗುರುವಾಗುತ್ತದೆ. ಸೊನ್ನೆಯು ಇಮ್ಮಡಿಸುತ್ತದೆ, ಚುಕ್ಕಿಯು ಒಂದೂವರೆ ಪಾಲು ಮಾಡುತ್ತದೆ, ಭೇದವು ಇಷ್ಟೇ. ಆದರೆ ನಮ್ಮ ಸರಿಗಮ ಬರಹದಲ್ಲಿ ಅಕ್ಷರದ ಮೇಲಿನ ಚುಕ್ಕಿಯು ತಾರಸ್ಥಾಯಿಯನ್ನೂ ಕೆಳಗಿನದು ಮಂದ್ರವನ್ನೂ ತೋರಿಸುತ್ತವೆ. ಕಾಲವನ್ನು ಎಳೆಯುವದಕ್ಕೆ ಅಲ್ಪವಿರಾಮದ ಗುರುತಿದೆ. ಗೆರೆಯ ಬರಹದಲ್ಲಾದರೋ ಸ್ವರದ ತಲೆಯ ಮೇಲೆ ಅಥವಾ ಕೆಳಗೆ ಚುಕ್ಕಿಯಿದ್ದರೆ ಸ್ವರವನ್ನು ಮೊಟಕಾಗಿ ಬಿಡಿಸಿ ಹಾಡಬೇಕು. ಪಕ್ಕದ್ದು ಉದ್ದ ಮಾಡುತ್ತದೆ, ಮೇಲಿನದು ಗಿಡ್ಡ ಮಾಡುತ್ತದೆ! ಸ್ಥಳವನ್ನು ನೋಡದೆ ಚುಕ್ಕಿಯನ್ನು ಓದಲಾಗದು.

ಅಭ್ಯಾಸಕ್ಕಾಗಿ ತೊಡೆಯ ಮೇಲೆ ಕೈತಟ್ಟುತ್ತಾ ‘ತ ಕ ಧಿ ಮಿ’ ಎನ್ನಿರಿ. ಚುಕ್ಕಿಯುಳ್ಳ ಸ್ವರವು ‘ತ ಕ ಧಿ’ ಮೂರನ್ನೂ ಹಿಡಿಯಲಿ, ಮುಂದಿನ ಚಿಕ್ಕ ಸ್ವರವು ‘ಮಿ’ಗೆ ಬೀಳಲಿ. ಫ್ರಾನ್ಜ್ ಗ್ರೂಬರನು 1818ರಲ್ಲಿ ಕಟ್ಟಿದ ‘ಸೈಲೆಂಟ್ ನೈಟ್’ ರಾಗವು ಈಗ ಹಾಡುವ ರೂಪದಲ್ಲಿ ಹೀಗೆಯೇ ಆರಂಭವಾಗುತ್ತದೆ: ಮೂರು, ಒಂದು, ಎರಡು, ಆಮೇಲೆ ಆರು; ಒಟ್ಟಿಗೆ ಹನ್ನೆರಡು. ಚುಕ್ಕಿಯನ್ನು ಬಿಟ್ಟು ಎರಡು, ಎರಡು, ಎರಡು, ಆರು ಎಂದು ಹಾಡಿದರೆ ಲೆಕ್ಕವು ಸರಿಯಾಗಿಯೇ ಇರುವದು, ತೊಟ್ಟಿಲಿನ ತೂಗು ಮಾತ್ರ ಹೋಗುವದು.

ಪರದೇಶದ ರಾಗಕ್ಕೆ ಕನ್ನಡದ ಮಾತನ್ನು ಕೂಡಿಸುವವರಿಗೆ ಕಷ್ಟವು ಇನ್ನೂ ಹೆಚ್ಚು. ಇಂಗ್ಲಿಷು, ಜರ್ಮನ್ ಭಾಷೆಗಳಲ್ಲಿ ಒತ್ತಿ ನುಡಿಯುವ ಅಕ್ಷರವು ಉದ್ದ ಸ್ವರಕ್ಕೆ ಬಂದರೆ ಸಾಕು; ನಮ್ಮಲ್ಲಿ ಹ್ರಸ್ವವೂ ದೀರ್ಘವೂ ಅರ್ಥವನ್ನೇ ಬದಲಿಸುತ್ತವೆ. ‘ಬಲ’ ಎಂಬ ಮಾತಿನ ಮೊದಲಕ್ಷರವು ಚುಕ್ಕಿಯ ಕೆಳಗೆ ಬಂದರೆ ಕೇಳುವವರಿಗೆ ‘ಬಾಲ’ ಎಂದಾಗುವದು. ಸ್ತೋತ್ರದಲ್ಲಿ ಬಾಲಕ್ಕೆ ಏನು ಕೆಲಸ? ಬಾಸೆಲ್ ಮಿಶನಿನ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯನ್ನು ಈ ದೇಶದ ಛಂದಸ್ಸಿನಲ್ಲೇ ರಚಿಸಿ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದರು, ಲಘುಗುರುಗಳ ಈ ವಿವೇಚನೆಯು ಆ ಪುಸ್ತಕದಲ್ಲಿ ಸಾಕಷ್ಟಿದೆ. ಇಂಥಲ್ಲಿ ರಾಗದ ಚುಕ್ಕಿಯನ್ನು ಅಳಿಸುವದಕ್ಕಿಂತ ಮಾತನ್ನು ಬದಲಿಸುವದೇ ಮೇಲು. ‘ಬಲ’ದ ಸ್ಥಳದಲ್ಲಿ ‘ಶಕ್ತಿ’ಯನ್ನು ಇಟ್ಟರೆ, ಒತ್ತಕ್ಷರದ ಹಿಂದಿನ ‘ಶ’ವು ಗುರುವಾಗಿ ಮೂರು ಪಾಲನ್ನು ಸುಖವಾಗಿ ಹೊರುವದು, ‘ಕ್ತಿ’ಯು ಉಳಿದ ಒಂದರಲ್ಲಿ ಹಗುರಾಗಿ ಬೀಳುವದು.